ಆಕ್ಸಾಲಿಕ್ ಆಮ್ಲ ಮುಚ್ಚಿದ ಕಣಕ್ಕೆ ಇಳಿಯುವುದಿಲ್ಲ

ಕುಕ್ಕುವಾಡದ ಸುತ್ತಮುತ್ತ, ಭದ್ರಾ ನಾಲೆಯ ನೀರು ಹರಿಯುವ ಕಡೆಯೆಲ್ಲ, ಜೇನುನೊಣಕ್ಕೆ ಪರಾಗದ ಬರ ಬರುವುದು ಅಪರೂಪ. ತೆಂಗು ತಿಂಗಳು ತಿಂಗಳಿಗೂ ಹೊಂಬಾಳೆ ಬಿಚ್ಚುತ್ತದೆ. ಬೇಸಿಗೆಗೆ ಅಡಿಕೆಯ ಹಿಂಗಾರ, ಬದುವಿನ ಹೊಂಗೆ, ಬೇವು, ಹುಣಸೆ; ಮಳೆಗಾಲಕ್ಕೆ ಮೆಕ್ಕೆಜೋಳದ ಸೂಲಂಗಿ. ಮಕರಂದ ಬತ್ತಿದ ತಿಂಗಳಲ್ಲೂ ಎಲ್ಲೋ ಒಂದಿಷ್ಟು ಪರಾಗ ಸಿಕ್ಕೇ ಸಿಗುತ್ತದೆ. ಹಾಗಾಗಿ ಇಲ್ಲಿನ ರಾಣಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತಾಳೆಯೇ ಹೊರತು ಪೂರ್ತಿ ನಿಲ್ಲಿಸುವುದಿಲ್ಲ. ಜೇನು ಸಾಕುವವರಿಗೆ ಇದು ಅನುಕೂಲವೇ. ಜೇನುನೊಣಕ್ಕೆ ಅಂಟುವ ವರೋವಾ ನುಸಿಗೂ ಅಷ್ಟೇ ಅನುಕೂಲ, ತೊಡಕಿರುವುದು ಅಲ್ಲಿ.

ಈ ನುಸಿಗೆ ಆಕ್ಸಾಲಿಕ್ ಆಮ್ಲ ಹಾಕುವ ವಿಡಿಯೊಗಳು ಮೊಬೈಲಿನಲ್ಲಿ ಬೇಕಾದಷ್ಟಿವೆ. ಬಹುಪಾಲು ಚಳಿದೇಶದವು. ಅಲ್ಲಿ ಡಿಸೆಂಬರಿನಲ್ಲಿ ರಾಣಿ ಮೊಟ್ಟೆ ನಿಲ್ಲಿಸಿರುತ್ತಾಳೆ, ಎರಿಯಲ್ಲಿ ಒಂದೂ ಮರಿ ಇರುವುದಿಲ್ಲ, ನುಸಿಯೆಲ್ಲ ನೊಣಗಳ ಮೈಮೇಲೆಯೇ ಇರುತ್ತದೆ. ಒಂದು ಸಲ ಆಮ್ಲ ಬಿಟ್ಟರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಉದುರುತ್ತವೆ. ಅದನ್ನು ನೋಡಿ ನಮ್ಮವರು ದಾವಣಗೆರೆಯ ಡಿಸೆಂಬರಿನಲ್ಲಿ, ಎಂಟು ಎರಿ ತುಂಬ ಮರಿ ಇರುವಾಗ, ಅದೇ ಲೆಕ್ಕದಲ್ಲಿ ಆಮ್ಲ ಬಿಡುತ್ತಾರೆ. ತಿಂಗಳಾಗುವಷ್ಟರಲ್ಲಿ ನುಸಿ ಮೊದಲಿನಷ್ಟೇ ಆಗಿರುತ್ತದೆ. ಔಷಧಿ ಕಳಪೆ ಎಂದು ಬೈಯುತ್ತಾರೆ. ಔಷಧಿ ತಲುಪಿದಲ್ಲಿ ಕೆಲಸ ಮಾಡಿದೆ. ಮುಕ್ಕಾಲು ಪಾಲು ನುಸಿ ಅದು ತಲುಪದ ಜಾಗದಲ್ಲಿತ್ತು, ಅಷ್ಟೆ.

ಯಾವ ಜೇನು?

ಮೊದಲು ಪೆಟ್ಟಿಗೆಯಲ್ಲಿರುವುದು ಯಾವ ಜೇನು ಎಂದು ನೋಡಿಕೊಳ್ಳಿ. ತುಡುವೆಯಾದರೆ ಈ ಬರಹದ ಮುಕ್ಕಾಲು ಪಾಲು ನಿಮಗೆ ಬೇಡ.

ವರೋವಾಕ್ಕೂ ತುಡುವೆಗೂ ಹಳೆಯ ಒಡನಾಟ. ಡಚ್ ವಿಜ್ಞಾನಿ ಔಡೆಮನ್ಸ್ 1904ರಲ್ಲಿ ಈ ಜಾತಿಯ ನುಸಿಯನ್ನು ಮೊದಲು ವಿವರಿಸಿದ್ದು ಜಾವಾ ದ್ವೀಪದ ತುಡುವೆ ಗೂಡಿನಿಂದ. ತುಡುವೆಯ ಕೆಲಸಗಾರ ನೊಣಗಳು ಒಂದರ ಮೈ ಇನ್ನೊಂದು ತಡಕಿ ನುಸಿಯನ್ನು ಕಿತ್ತು ಹಾಕುತ್ತವೆ. ನುಸಿ ಹೊಕ್ಕ ಕೆಲಸಗಾರ ಮರಿಯ ಕಣವನ್ನು ಬಗೆದು ಮರಿಯನ್ನೇ ಹೊರಗೆಳೆದು ಬಿಸಾಡುತ್ತವೆ. ಹಾಗಾಗಿ ತುಡುವೆಯಲ್ಲಿ ನುಸಿ ವಂಶ ಬೆಳೆಸುವುದು ಗಂಡುನೊಣದ ಕಣಗಳಲ್ಲಿ ಮಾತ್ರ. ಗಂಡುಮರಿ ಇರುವುದು ವರ್ಷದಲ್ಲಿ ಕೆಲವೇ ಕಾಲ. ನುಸಿ ಇದ್ದರೂ ಹದ್ದು ಮೀರುವುದಿಲ್ಲ.

ತುಡುವೆ ಕುಟುಂಬ ಕಣ್ಣೆದುರೇ ಸೊರಗುತ್ತಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು. ಮರಿಹುಳು ನೀರು ತುಂಬಿದ ಚೀಲದಂತಾಗಿ, ಮೂತಿ ಮೇಲೆತ್ತಿಕೊಂಡು ಕಣದಲ್ಲೇ ಸತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್. 1991-92ರಲ್ಲಿ ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದ ತುಡುವೆ ಪೆಟ್ಟಿಗೆಗಳನ್ನು ಸಾಲು ಸಾಲಾಗಿ ಖಾಲಿ ಮಾಡಿದ್ದು ಇದೇ ವೈರಸ್. ವೈರಸ್ಸಿಗೆ ಆಮ್ಲ ಮದ್ದಲ್ಲ. ಸೊರಗಿದ ತುಡುವೆಯ ಮೇಲೆ ಆಮ್ಲ ಕಲಸಿದ ಸಕ್ಕರೆ ಪಾನಕ ಸುರಿದರೆ ರೋಗದ ಜತೆ ನಾವೂ ಒಂದು ಪೆಟ್ಟು ಕೊಟ್ಟ ಹಾಗೆ.

ಮೆಲ್ಲಿಫೆರಾದ ಕಥೆ ಬೇರೆ. ಹೊರದೇಶದ ಈ ಜೇನು ನಮ್ಮಲ್ಲಿ ನೆಲೆ ಕಂಡಿದ್ದು 1962ರಲ್ಲಿ, ಈಗಿನ ಹಿಮಾಚಲ ಪ್ರದೇಶದ ನಗ್ರೋಟಾ ಬಗ್ವಾನ್‌ನಲ್ಲಿ. ಕರ್ನಾಟಕದಲ್ಲಿ ಅದಕ್ಕೆ ಬೇಡಿಕೆ ಹೆಚ್ಚಿದ್ದು ತುಡುವೆ ನೆಲಕಚ್ಚಿದ ಮೇಲೆ. ಸಾಧು, ಹೆಚ್ಚು ತುಪ್ಪ ಕೊಡುತ್ತದೆ, ಲಾರಿಯಲ್ಲಿ ಹೇರಿಕೊಂಡು ಸೂರ್ಯಕಾಂತಿ ಹೊಲದಿಂದ ಹೊಲಕ್ಕೆ ಒಯ್ಯಬಹುದು. ಆದರೆ ಅದರ ಪೂರ್ವಿಕರು ಈ ನುಸಿಯನ್ನು ಕಂಡವರಲ್ಲ. ಹೇಗೆ ಕೊಡವಿಕೊಳ್ಳಬೇಕು ಎಂಬುದು ಅದರ ರಕ್ತದಲ್ಲಿಲ್ಲ. ನುಸಿ ಕೆಲಸಗಾರ ಮರಿಯ ಕಣದಲ್ಲೂ ಮೊಟ್ಟೆಯಿಡುತ್ತದೆ, ವರ್ಷವಿಡೀ. ಜಗತ್ತಿನಾದ್ಯಂತ ಮೆಲ್ಲಿಫೆರಾವನ್ನು ಕೊಲ್ಲುತ್ತಿರುವ ನುಸಿ ಜಾವಾದ್ದಲ್ಲ, ಅದರ ದಾಯಾದಿ ಎಂದು 2000ದಲ್ಲಿ ಆಂಡರ್ಸನ್, ಟ್ರೂಮನ್ ಎಂಬಿಬ್ಬರು ತೋರಿಸಿ ವರೋವಾ ಡಿಸ್ಟ್ರಕ್ಟರ್ ಎಂದು ಹೊಸ ಹೆಸರಿಟ್ಟರು. ಬಹುಕಾಲ ಅದರಿಂದ ತಪ್ಪಿಸಿಕೊಂಡಿದ್ದ ಆಸ್ಟ್ರೇಲಿಯಾದಲ್ಲೂ 2022ರ ಜೂನ್‌ನಲ್ಲಿ ನುಸಿ ಕಾಣಿಸಿತು. ಬುಡಸಮೇತ ಕಿತ್ತೊಗೆಯುವ ಪ್ರಯತ್ನವನ್ನು 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರಕಾರವೇ ಕೈಬಿಟ್ಟಿತು.

ಮುಚ್ಚಳದ ಕೆಳಗೆ ನಡೆಯುವುದು

ನುಸಿ ಎಂದ ಕೂಡಲೇ ನಮ್ಮ ಕಡೆ ತೆಂಗಿನ ನುಸಿ ನೆನಪಾಗುತ್ತದೆ. ಅದು ಬರಿಗಣ್ಣಿಗೆ ಕಾಣದು. ಇದು ಕಾಣುತ್ತದೆ: ಸಾಸಿವೆ ಕಾಳನ್ನು ಬೆರಳಿನಲ್ಲಿ ಒತ್ತಿ ಚಪ್ಪಟೆ ಮಾಡಿದಂತೆ, ಕೆಂಗಂದು ಬಣ್ಣ, ಅಗಲ ಸುಮಾರು 1.6 ಮಿಲಿಮೀಟರ್. ಆದರೂ ಎರಿ ಎತ್ತಿ ನೋಡಿದವರಿಗೆ ಸುಲಭಕ್ಕೆ ಸಿಗುವುದಿಲ್ಲ. ನೊಣದ ಹೊಟ್ಟೆಯ ಅಡಿಭಾಗದಲ್ಲಿ, ಪದರದ ಸಂದಿಗೆ ಸೇರಿಕೊಂಡಿರುತ್ತದೆ. ನೊಣದ ಬೆನ್ನ ಮೇಲೆ ನುಸಿ ಕಂಡರೆ ಆ ಕುಟುಂಬದಲ್ಲಿ ಆಗಲೇ ಕೈಮೀರಿದೆ ಎಂದು ಲೆಕ್ಕ.

ಕಣ್ಣಾರೆ ನೋಡಬೇಕಾದರೆ ಗಂಡುಮರಿಯ ಕಣ ಬಿಡಿಸಿ. ಎರಿಯ ಕೆಳ ಅಂಚಿನಲ್ಲಿ ಗುಮ್ಮಟದ ಹಾಗೆ ಉಬ್ಬಿದ ಮುಚ್ಚಳಗಳು ಅವು. ಮುಳ್ಳುಚಮಚವನ್ನು ಮುಚ್ಚಳಕ್ಕೆ ಸಮನಾಗಿ ತೂರಿಸಿ ಮೇಲೆತ್ತಿದರೆ ಕೋಶಾವಸ್ಥೆಯ ಏಳೆಂಟು ಗಂಡುಮರಿಗಳು ಒಟ್ಟಿಗೆ ಬರುತ್ತವೆ. ಮೈ ಹಾಲಿನ ಬಿಳುಪು, ಕಣ್ಣು ಮಾತ್ರ ನಸುಗೆಂಪು. ಆ ಬಿಳುಪಿನ ಮೇಲೆ ಕಂದು ನುಸಿ ನಡೆದಾಡುವುದು ಎದ್ದು ಕಾಣುತ್ತದೆ. ಪಕ್ಕದಲ್ಲೇ ಬಿಳಿಚಿದ ಸಣ್ಣವು ಇದ್ದರೆ ಅವು ನುಸಿಯ ಮರಿಗಳು. ಕಣದ ಗೋಡೆಗೆ ಸುಣ್ಣ ಸಿಡಿದಂಥ ಬಿಳಿ ಚುಕ್ಕಿ ಇದ್ದರೆ ನುಸಿಯ ಹಿಕ್ಕೆ.

ತಾಯಿ ನುಸಿ ಕಣಕ್ಕೆ ಇಳಿಯುವುದು ನೊಣಗಳು ಮೇಣದ ಮುಚ್ಚಳ ಹಾಕುವ ಸ್ವಲ್ಪ ಮುಂಚೆ. ಮರಿಯ ಆಹಾರದ ರಾಡಿಯಲ್ಲಿ ಅಡಗಿ ಕೂರುತ್ತದೆ. ಮುಚ್ಚಳ ಬಿದ್ದು ಎರಡೂವರೆ ಮೂರು ದಿನಕ್ಕೆ ಮೊದಲ ಮೊಟ್ಟೆ, ಅದು ಗಂಡು. ಆಮೇಲೆ ಸುಮಾರು 30 ತಾಸಿಗೊಂದರಂತೆ ಹೆಣ್ಣು. ಅಣ್ಣತಂಗಿಯರ ಕೂಡಾವಳಿ ಕಣದೊಳಗೇ ಮುಗಿಯುತ್ತದೆ. ಕೆಲಸಗಾರ ಮರಿ ಮುಚ್ಚಳದಡಿ ಇರುವುದು 12 ದಿನ, ಗಂಡುಮರಿ 14-15 ದಿನ. ಈ ಎರಡು ಮೂರು ದಿನದ ವ್ಯತ್ಯಾಸದಲ್ಲಿ ಇನ್ನೊಂದು ಹೆಣ್ಣುನುಸಿ ಬಲಿಯುತ್ತದೆ. ನುಸಿಗೆ ಗಂಡುಮರಿ ಹೆಚ್ಚು ಇಷ್ಟವಾಗುವುದು ಇದಕ್ಕೇ.

ಅದು ಹೀರುವುದು ನೊಣದ ರಕ್ತ ಎಂದೇ ಬಹುಕಾಲ ನಂಬಿದ್ದರು. ಮುಖ್ಯವಾಗಿ ಹೀರುವುದು ಕೊಬ್ಬಿನ ಅಂಗಾಂಶ ಎಂದು 2019ರಲ್ಲಿ ಸ್ಯಾಮ್ಯುಯೆಲ್ ರ‍್ಯಾಮ್ಸೆ ಮತ್ತು ಸಂಗಡಿಗರು ತೋರಿಸಿದರು. ನೊಣದ ಪಾಲಿಗೆ ಆ ಕೊಬ್ಬೇ ಉಗ್ರಾಣ; ರೋಗ ತಡೆಯುವ ಶಕ್ತಿಯೂ ವಿಷ ಅರಗಿಸುವ ಶಕ್ತಿಯೂ ಅಲ್ಲಿಂದಲೇ. ಜತೆಗೆ ನುಸಿ ವೈರಸ್ಸುಗಳನ್ನು ಚುಚ್ಚುತ್ತದೆ. ರೆಕ್ಕೆ ಸುಕ್ಕುಗಟ್ಟಿದ ನೊಣಗಳು ಪೆಟ್ಟಿಗೆಯ ಬಾಗಿಲಲ್ಲಿ ತೆವಳುತ್ತಿದ್ದರೆ ನುಸಿ ತಂದ ವೈರಸ್ಸಿನ ಗುರುತು ಅದು.

ಈಗ ಲೆಕ್ಕಕ್ಕೆ ಬರೋಣ. ಮರಿ ತುಂಬಿದ ಕುಟುಂಬದಲ್ಲಿ 100 ನುಸಿ ಇದ್ದರೆ ಹೆಚ್ಚೂಕಡಿಮೆ 70 ಮುಚ್ಚಳದಡಿ, 30 ನೊಣಗಳ ಮೈಮೇಲೆ ಎನ್ನಿ. ಆಕ್ಸಾಲಿಕ್ ಆಮ್ಲ ಮೇಣದ ಮುಚ್ಚಳ ದಾಟುವುದಿಲ್ಲ. ಮೈಮೇಲಿನ 30ರಲ್ಲಿ 27 ಸತ್ತರೂ 73 ಉಳಿದವು. ಮುಂದಿನ 12 ದಿನಗಳಲ್ಲಿ ಆ 70 ತಾಯಂದಿರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹೊರಬರುತ್ತಾರೆ. ಅಡಿಮಣೆಯ ಮೇಲೆ ಸತ್ತ ನುಸಿ ನೋಡಿ ನಾವು ಖುಷಿಪಟ್ಟಿದ್ದು ಆ 27ರ ಲೆಕ್ಕ.

ಅಮೆರಿಕದ ಜಾರ್ಜಿಯಾದಂಥ ಬೆಚ್ಚಗಿನ ಸೀಮೆಯಲ್ಲಿ, ಮರಿ ಇರುವಾಗಲೇ ಐದು ದಿನಕ್ಕೊಮ್ಮೆಯಂತೆ ಏಳು ಬಾರಿ ಒಂದೊಂದು ಗ್ರಾಂ ಆಮ್ಲದ ಹೊಗೆ ಕೊಟ್ಟು ನೋಡಿದ್ದಾರೆ. ನುಸಿ ಸುರಕ್ಷಿತ ಮಟ್ಟಕ್ಕೆ ಇಳಿಯಲಿಲ್ಲ. ನಮ್ಮ ಹವೆಗೆ ಹತ್ತಿರದ ಪಾಠ ಅದು. ಕೆನಡಾ, ಜರ್ಮನಿಯ ಪಾಠವಲ್ಲ.

ಎಣಿಸದೆ ಹಾಕಬೇಡಿ

ಎಣಿಸುವುದಕ್ಕೆ ಬೇಕಾದ್ದು ಒಂದು ಅಗಲಬಾಯಿಯ ಬಾಟಲಿ, ಮುಚ್ಚಳದ ಜಾಗಕ್ಕೆ ನುಸಿ ಉದುರುವಷ್ಟು ಕಣ್ಣಿನ ಜಾಲರಿ, ಎರಡು ಚಮಚ ನುಣ್ಣಗಿನ ಸಕ್ಕರೆ ಪುಡಿ, ಬಿಳಿ ತಟ್ಟೆ. ಸಕ್ಕರೆಯನ್ನು ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ. ಸಂಸಾರ ಕೋಣೆಯ ನಡುವಿನಿಂದ, ಮರಿ ಇರುವ ಎರಿಯೊಂದನ್ನು ಎತ್ತಿ ರಾಣಿ ಅದರ ಮೇಲಿಲ್ಲ ಎಂದು ಎರಡು ಸಲ ನೋಡಿ. ಆಮೇಲೆ ಅಗಲವಾದ ಪಾತ್ರೆಗೆ ನೊಣಗಳನ್ನು ಕೊಡವಿ, ಸುಮಾರು 120 ಮಿಲಿಲೀಟರ್ ಹಿಡಿಯುವ ಲೋಟದಲ್ಲಿ ಮೊಗೆಯಿರಿ. ಅಲ್ಲಿಗೆ ಅಂದಾಜು 300 ನೊಣ. ಬಾಟಲಿಗೆ ಹಾಕಿ, ಸಕ್ಕರೆ ಪುಡಿ ಉದುರಿಸಿ, ನಿಧಾನಕ್ಕೆ ಉರುಳಿಸಿ. ಎರಡು ನಿಮಿಷ ನೆರಳಲ್ಲಿಡಿ. ಸಕ್ಕರೆ ಮೆತ್ತಿಕೊಂಡರೆ ನುಸಿಯ ಕಾಲಿನ ಹಿಡಿತ ತಪ್ಪುತ್ತದೆ. ಬಾಟಲಿ ಬೋರಲು ಹಾಕಿ ತಟ್ಟೆಯ ಮೇಲೆ ಒಂದು ನಿಮಿಷ ಜೋರಾಗಿ ಅಲುಗಾಡಿಸಿ. ಉದುರಿದ ಪುಡಿಗೆ ಸ್ವಲ್ಪ ನೀರು ಚಿಮುಕಿಸಿದರೆ ಸಕ್ಕರೆ ಕರಗಿ ನುಸಿಗಳು ಉಳಿಯುತ್ತವೆ. ನೊಣಗಳನ್ನು ಪೆಟ್ಟಿಗೆಗೆ ವಾಪಸು ಬಿಡಿ. ಬೆಳ್ಳಗಾದ ಅವನ್ನು ಉಳಿದವು ನೆಕ್ಕಿ ಸ್ವಚ್ಛ ಮಾಡುತ್ತವೆ.

300 ನೊಣಕ್ಕೆ 9 ನುಸಿ, ಅಂದರೆ ನೂರಕ್ಕೆ ಮೂರು ಬಂದರೆ ಸುಮ್ಮನಿರುವ ಹಾಗಿಲ್ಲ. ಎರಡೋ ಮೂರೋ ಬಂದರೆ ತಿಂಗಳು ಬಿಟ್ಟು ಮತ್ತೆ ಎಣಿಸಿ. ಒಂದೂ ಬರಲಿಲ್ಲವಾದರೆ ಅಲುಗಾಡಿಸಿದ್ದು ಸಾಲದೇ ಹೋಯಿತೇ ಎಂಬ ಅನುಮಾನ ನನಗಂತೂ ಇದ್ದೇ ಇರುತ್ತದೆ; ಇನ್ನೊಂದು ಪೆಟ್ಟಿಗೆಯಲ್ಲಿ ನೋಡಿ.

ಕಡಲೆ ಹೊಲದ ಹುಳಿ

ಆಕ್ಸಾಲಿಕ್ ಆಮ್ಲ ಎಂದರೆ ಯಾವುದೋ ಕಾರ್ಖಾನೆಯ ರಾಸಾಯನಿಕ ಎಂದು ಹೆದರುವವರೂ ಇದ್ದಾರೆ, ಗಿಡದಲ್ಲೇ ಇರುವುದು ತಾನೇ ಎಂದು ಸಸಾರ ಮಾಡುವವರೂ ಇದ್ದಾರೆ. ಇಬ್ಬರೂ ಅರ್ಧ ಸರಿ. ಚಳಿಗಾಲದ ಬೆಳಗ್ಗೆ ಕಡಲೆ ಹೊಲದಲ್ಲಿ ನಡೆದರೆ ಕಾಲಿಗೆ ಉರಿ ಹತ್ತಿಸುವ ಹುಳಿಯಲ್ಲಿ ಮ್ಯಾಲಿಕ್ ಆಮ್ಲದ ಜತೆ ಇದೂ ಇದೆ. ಪಾಲಕ್ ಸೊಪ್ಪಿನಲ್ಲಿದೆ. ಜೇನುತುಪ್ಪದಲ್ಲೇ ಅಲ್ಪಸ್ವಲ್ಪ ಸಹಜವಾಗಿ ಇರುತ್ತದೆ. ಆದರೆ ಅಂಗಡಿಯಲ್ಲಿ ತುಕ್ಕು ತೆಗೆಯಲು, ಅಮೃತಶಿಲೆ ಉಜ್ಜಲು ಮಾರುವ ಬಿಳಿ ಹರಳು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಕೆಡಿಸುತ್ತದೆ, ಹೊಟ್ಟೆಗೆ ಹೋದರೆ ಕೆಲವೇ ಗ್ರಾಂ ಪ್ರಾಣಕ್ಕೆ ಕುತ್ತು. ನೋಡಲು ಥೇಟ್ ಸಕ್ಕರೆ. ಅದನ್ನು ಸಕ್ಕರೆ ಪಾನಕದಲ್ಲೇ ಕಲಸುವುದರಿಂದ ಮಕ್ಕಳಿರುವ ಮನೆಯಲ್ಲಿ ಇದರ ಅಪಾಯ ದುಪ್ಪಟ್ಟು. ಅಡುಗೆಮನೆಯಲ್ಲಿ ಕಲಸಬೇಡಿ, ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ.

ನುಸಿಯನ್ನು ಅದು ಹೇಗೆ ಕೊಲ್ಲುತ್ತದೆ ಎಂಬುದು ಪೂರ್ತಿ ಬಿಡಿಸಿದ ಒಗಟಲ್ಲ. ಮೈಗೆ ತಾಗಿದರೆ ಸಾಯುತ್ತದೆ. ನುಸಿಯ ಮೆತ್ತನೆಯ ಪಾದಗಳ ಮೂಲಕ ಆಮ್ಲ ಒಳಗೆ ಇಳಿಯುತ್ತದೆ ಎಂಬುದು ಬಲವಾದ ಊಹೆ. ನೊಣ ಕುಡಿದು ಅದರ ಮೂಲಕ ನುಸಿಗೆ ತಲುಪುವ ಮದ್ದಲ್ಲ ಇದು. ನೊಣ ಕುಡಿದರೆ ನೊಣಕ್ಕೇ ನಷ್ಟ. ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಫ್ಲುವಾಲಿನೇಟ್ ಪಟ್ಟಿಗಳಿಗೆ ನುಸಿ ಹಲವು ದೇಶಗಳಲ್ಲಿ ಒಗ್ಗಿಹೋಗಿದೆ, ಆ ವಿಷ ಮೇಣದಲ್ಲಿ ಕೂತು ವರ್ಷಗಟ್ಟಲೆ ಉಳಿಯುತ್ತದೆ. ಆಕ್ಸಾಲಿಕ್ ಆಮ್ಲ ನೀರಲ್ಲಿ ಕರಗುವಂಥದು, ಮೇಣಕ್ಕೆ ಇಳಿಯುವುದಿಲ್ಲ. ಅದಕ್ಕೆ ಒಗ್ಗಿದ ನುಸಿ ಈವರೆಗೆ ಕಂಡುಬಂದಿಲ್ಲ. 2015ರಲ್ಲಿ ಅಮೆರಿಕ ಇದನ್ನು ಜೇನಿಗೆ ಬಳಸಲು ಅಧಿಕೃತವಾಗಿ ಒಪ್ಪಿದ್ದಕ್ಕೆ ಇವೂ ಕಾರಣ.

ಮರಿ ಇಲ್ಲದ ಗಳಿಗೆ ಮಾಡಿಕೊಳ್ಳುವುದು

ಇಲ್ಲಿ ಚಳಿಗಾಲ ನಮಗಾಗಿ ರಾಣಿಯನ್ನು ಸುಮ್ಮನಿರಿಸುವುದಿಲ್ಲ, ನಾವೇ ಇರಿಸಬೇಕು. ದಾರಿ ಎರಡು.

ಒಂದು, ರಾಣಿಯನ್ನು ಪಂಜರದಲ್ಲಿಡುವುದು. ಕೆಲಸಗಾರ ನೊಣಗಳು ಒಳಗೆ ಹೊರಗೆ ಓಡಾಡುವಷ್ಟು, ರಾಣಿ ಮಾತ್ರ ದಾಟದಷ್ಟು ಸಂದಿ ಇರುವ ಪಂಜರ ಬೇಕು. ಸಂಸಾರ ಕೋಣೆಯ ನಡುವಿನ ಎರಿಗೆ ಸಿಕ್ಕಿಸಿ, ಅದೇ ದಿನ ತಾರೀಕು ಬರೆದಿಡಿ. ಮೊಟ್ಟೆ ಇಟ್ಟಾಗಿನಿಂದ ಕೆಲಸಗಾರ ನೊಣ ಕಣದಿಂದ ಹೊರಬರುವವರೆಗೆ 21 ದಿನ, ಗಂಡುನೊಣ 24 ದಿನ. ಹಾಗಾಗಿ 24 ದಿನ ಕಳೆದರೆ ಹಳೆಯ ಮರಿ ಎಲ್ಲ ಈಚೆ ಬಂದು, ಹೊಸ ಮರಿ ಒಂದೂ ಇಲ್ಲದೆ, ನುಸಿಗೆ ಅಡಗಲು ಜಾಗವೇ ಇರುವುದಿಲ್ಲ. ಅವತ್ತು ಆಮ್ಲ ಬಿಟ್ಟು, ಒಂದೆರಡು ದಿನಕ್ಕೆ ರಾಣಿಯನ್ನು ಬಿಡುಗಡೆ ಮಾಡಿ. ನಡುವೆ ಒಂದು ವಾರಕ್ಕೆ ಪೆಟ್ಟಿಗೆ ತೆರೆದು ನೋಡುವುದು ಮರೆಯಬಾರದು. ರಾಣಿ ಓಡಾಡದ ಎರಿಗಳಲ್ಲಿ ನೊಣಗಳು ಕೆಲವೊಮ್ಮೆ ಹೊಸ ರಾಣಿಕಣ ಕಟ್ಟುತ್ತವೆ. ಕಂಡರೆ ಮುರಿಯಬೇಕು.

ಇನ್ನೊಂದು, ಕುಟುಂಬವನ್ನು ಹೇಗೂ ಪಾಲು ಮಾಡುವ ಕಾಲಕ್ಕೆ ಆಮ್ಲವನ್ನೂ ಹೊಂದಿಸಿಕೊಳ್ಳುವುದು. ರಾಣಿಯಿಲ್ಲದ ಪಾಲು ಮೊಟ್ಟೆ ಮತ್ತು ಎಳೆಮರಿಯಿಂದ ತಾನೇ ರಾಣಿ ಎಬ್ಬಿಸಿಕೊಂಡು, ಅದು ಹಾರಿ ಗಂಡುನೊಣಗಳ ಜತೆ ಕೂಡಿ ಬಂದು ಮೊಟ್ಟೆಗೆ ಕೂರಲು ಮೂರು ಮೂರೂವರೆ ವಾರ ಬೇಕು. ಹೊಸ ಮೊಟ್ಟೆ ಮುಚ್ಚಳ ಬೀಳುವ ಹಂತಕ್ಕೆ ಬರಲು ಇನ್ನೂ ಎಂಟೊಂಬತ್ತು ದಿನ. ಪಾಲು ಮಾಡಿದ 24ನೇ ದಿನದ ಆಸುಪಾಸಿನಲ್ಲಿ ಎಲ್ಲ ಕಣವೂ ತೆರೆದೇ ಇರುತ್ತದೆ. ನನ್ನ ಕೇಳಿದರೆ ಸಣ್ಣ ಸಾಕಣೆದಾರರಿಗೆ ಇದೇ ಒಳ್ಳೆಯದು. ರಾಣಿಯನ್ನು ಹಿಡಿಯುವ, ಕಳೆದುಕೊಳ್ಳುವ ತಾಪತ್ರಯವಿಲ್ಲ.

ಪಂಜರದ ದಾರಿಯಾದರೆ, ಹೊಂಗೆ-ಬೇವಿನ ತುಪ್ಪ ತೆಗೆದ ಮೇಲೆ, ಮುಂಗಾರು ಹಿಡಿದುಕೊಳ್ಳುವ ಮುಂಚೆ ಮಾಡುವುದು ನಮ್ಮ ಬಯಲಿಗೆ ಸರಿಯಾದ ಕಾಲ. ಮುಂದೆ ಮಕರಂದ ಬತ್ತುವ ದಿನಗಳು, ಆಗ ಮರಿ ಕಡಿಮೆಯಾದರೆ ನಷ್ಟ ಹೆಚ್ಚಿಲ್ಲ. ನುಸಿ ಹೊತ್ತುಕೊಂಡೇ ಮಳೆಗಾಲಕ್ಕೆ ಕಾಲಿಟ್ಟ ಕುಟುಂಬ ಸೂರ್ಯಕಾಂತಿ, ಹುಚ್ಚೆಳ್ಳು ಹೂವಾಗುವ ಹೊತ್ತಿಗೆ ಇರುವುದೇ ಅನುಮಾನ. ಐದು ಎರಿಗಿಂತ ಕಡಿಮೆ ನೊಣ ಇರುವ ಬಡಕಲು ಕುಟುಂಬಕ್ಕೆ ಪಂಜರ ಬೇಡ. ಬಲವಾದ ಇನ್ನೊಂದಕ್ಕೆ ಸೇರಿಸಿ.

ಪಾನಕ ಕಲಸುವುದು

ಅಳತೆ ಹೀಗೆ: ಒಂದು ಲೀಟರ್ ಸಕ್ಕರೆ ಪಾನಕಕ್ಕೆ 35 ಗ್ರಾಂ ಆಕ್ಸಾಲಿಕ್ ಆಮ್ಲ. 600 ಗ್ರಾಂ ಸಕ್ಕರೆಯನ್ನು 600 ಮಿಲಿಲೀಟರ್ ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿದರೆ ಒಂದು ಲೀಟರ್ ಹತ್ತಿರ ಆಗುತ್ತದೆ. 35 ಗ್ರಾಂ ಎಂಬ ಲೆಕ್ಕ ಡೈಹೈಡ್ರೇಟ್ ರೂಪಕ್ಕೆ, ಅಂದರೆ ಹರಳಿನಲ್ಲಿ ನೀರು ಸೇರಿರುವ, ಸಾಮಾನ್ಯವಾಗಿ ಮಾರಾಟಕ್ಕಿರುವ ರೂಪಕ್ಕೆ. ನೀರಿಲ್ಲದ ಅನ್‌ಹೈಡ್ರಸ್ ಪುಡಿ ಸಿಕ್ಕಿದರೆ 25 ಗ್ರಾಂ ಸಾಕು. ಚೀಟಿ ಓದದೆ ತೂಗಿದರೆ ನೊಣಗಳೇ ಸಾಯುತ್ತವೆ. ಅಂಗಡಿಯ ಸಾದಾ ಮಾಲಿಗಿಂತ ಪ್ರಯೋಗಶಾಲೆ ದರ್ಜೆಯದ್ದು ಶುದ್ಧ. ಅದೂ ಜೇನಿಗೆಂದೇ ತಯಾರಾದದ್ದಲ್ಲವಾದ್ದರಿಂದ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರನ್ನೋ ತೋಟಗಾರಿಕೆ ಇಲಾಖೆಯವರನ್ನೋ ಕೇಳಿಕೊಂಡು ಮುಂದುವರಿಯಿರಿ.

ನಿಮ್ಮಲ್ಲಿ ಎಂಟು ಪೆಟ್ಟಿಗೆ ಇವೆ, ಒಂದೊಂದರಲ್ಲಿ ಏಳು ಸಂದಿಗಳಲ್ಲಿ ನೊಣ ತುಂಬಿವೆ ಎನ್ನಿ. ಎರಡು ಎರಿಗಳ ನಡುವಿನ ಒಂದು ಸಂದಿಗೆ 5 ಮಿಲಿಲೀಟರ್. ಪೆಟ್ಟಿಗೆಗೆ 35, ಎಂಟಕ್ಕೆ 280. ಕಲಸಬೇಕಾದ್ದು 300 ಮಿಲಿಲೀಟರ್: ಸಕ್ಕರೆ 180 ಗ್ರಾಂ, ನೀರು 180 ಮಿಲಿಲೀಟರ್, ಆಮ್ಲ 10.5 ಗ್ರಾಂ. ತೂಗಲು ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕುಟುಂಬ ಎಷ್ಟೇ ದೊಡ್ಡದಿರಲಿ ಒಟ್ಟು 50 ಮಿಲಿಲೀಟರ್ ದಾಟಬಾರದು, ನೊಣವಿಲ್ಲದ ಸಂದಿಗೆ ಬಿಡಬಾರದು.

ಬೋರ್‌ವೆಲ್ ನೀರಲ್ಲಿ ಕಲಸಿದರೆ ಪಾನಕ ಬೆಳ್ಳಗೆ ಕದಡಬಹುದು. ಗಡಸು ನೀರಿನ ಸುಣ್ಣದಂಶ ಆಮ್ಲದ ಜತೆ ಸೇರಿ ಕರಗದ ಕ್ಯಾಲ್ಸಿಯಂ ಆಕ್ಸಲೇಟ್ ಆಗುವುದು ಅದು. ಬಲ ಹೆಚ್ಚೇನೂ ತಗ್ಗುವುದಿಲ್ಲ, ಆದರೆ ಆಮ್ಲ ಪೂರ್ತಿ ಕರಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರಾದರೆ ಈ ರಗಳೆ ಇಲ್ಲ. ಪ್ಲಾಸ್ಟಿಕ್ ಅಥವಾ ಗಾಜಿನ ಪಾತ್ರೆಯಲ್ಲೇ ಕಲಸಿ, ಅವತ್ತಿನದ್ದು ಅವತ್ತೇ ಮುಗಿಸಿ. ಹುಳಿ ಸೇರಿದ ಸಕ್ಕರೆ ಬಿಸಿಲಿನ ಊರಲ್ಲಿ ದಿನಗಟ್ಟಲೆ ಇದ್ದರೆ ಎಚ್‌ಎಂಎಫ್ ಎಂಬ, ನೊಣಕ್ಕೆ ವಿಷವಾಗುವ ವಸ್ತು ಹುಟ್ಟುತ್ತದೆ.

ಬಿಡುವ ಹೊತ್ತು ಸಂಜೆ, ಹೊರಗೆ ಹೋದ ನೊಣಗಳೆಲ್ಲ ಮರಳಿದ ಮೇಲೆ. ಜೇನು ಕೋಣೆ ತೆಗೆದಿಡಿ. ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲೇಬೇಕು. ಔಷಧಿ ಅಂಗಡಿಯಲ್ಲಿ ಸಿಗುವ 50 ಮಿಲಿಲೀಟರಿನ ಸಿರಿಂಜ್, ಸೂಜಿ ಇಲ್ಲದೆ. ಹೊಗೆ ತಿದಿಯಿಂದ ಒಂದೆರಡು ಉಸಿರು ಹೊಗೆ ಕೊಟ್ಟರೆ ನೊಣ ಕೆಳಗಿಳಿದು ಸಂದಿಯಲ್ಲಿ ಒತ್ತೊತ್ತಾಗಿ ಕೂರುತ್ತವೆ. ಸಂದಿಯ ಉದ್ದಕ್ಕೂ ಸಿರಿಂಜ್ ಎಳೆಯುತ್ತ, ಚೌಕಟ್ಟಿನ ಮರದ ಮೇಲಲ್ಲ, ನೇರ ನೊಣಗಳ ಮೈಮೇಲೆ ತೊಟ್ಟಿಕ್ಕಿಸಿ. ಮೈ ಮೈ ತಾಗಿಸಿಕೊಂಡು ಓಡಾಡುವಾಗ ಅವೇ ಆಮ್ಲವನ್ನು ಹಂಚಿಕೊಳ್ಳುತ್ತವೆ. ಪೆಟ್ಟಿಗೆಗೆ ಎರಡು ನಿಮಿಷದ ಕೆಲಸ. ಚೆಲ್ಲಿದ್ದನ್ನು ಒರೆಸಿ, ಇಲ್ಲವಾದರೆ ಇರುವೆ ಹತ್ತುತ್ತದೆ.

ಒಮ್ಮೆ ಬಿಟ್ಟ ನೊಣಗಳಿಗೇ ಹತ್ತು ದಿನದಲ್ಲಿ ಇನ್ನೊಮ್ಮೆ ಬಿಡುವ ಆಸೆ ಬೇಡ. ಪಾನಕದ ಆಮ್ಲವನ್ನು ಒಂದು ಸಲ ತಾಳಿಕೊಂಡ ನೊಣ ಎರಡನೆಯ ಸಲಕ್ಕೆ ಸೋಲುತ್ತದೆ.

ಹೊಗೆ, ಪಟ್ಟಿ, ಬೇರೆ ನುಸಿ

ಕಾರಿನ 12 ವೋಲ್ಟ್ ಬ್ಯಾಟರಿಗೆ ಸಿಕ್ಕಿಸುವ ಬಿಸಿತಟ್ಟೆಯ ಮೇಲೆ ಹರಳು ಇಟ್ಟು, ಪೆಟ್ಟಿಗೆಯ ಬಾಗಿಲಿನಿಂದ ಒಳಗೆ ತೂರಿಸಿ ಆವಿ ಮಾಡುವ ವಿಧಾನವೂ ಇದೆ. ಸುಮಾರು 157 ಡಿಗ್ರಿ ಸೆಲ್ಸಿಯಸ್‌ಗೆ ಹರಳು ಆವಿಯಾಗಿ, ನೊಣದ ಮೈಮೇಲೆ ನವಿರಾದ ಪುಡಿಯಾಗಿ ಕೂರುತ್ತದೆ. ಪೆಟ್ಟಿಗೆ ತೆರೆಯಬೇಕಿಲ್ಲ, ನೊಣಕ್ಕೂ ಪಾನಕದಷ್ಟು ತೊಂದರೆಯಿಲ್ಲ. ತೊಂದರೆ ಮನುಷ್ಯನಿಗೆ. ಆ ಬಿಳಿ ಹೊಗೆಯ ಒಂದು ಉಸಿರು ಗಂಟಲು, ಶ್ವಾಸಕೋಶ ಸುಡುತ್ತದೆ. ಬಟ್ಟೆಯ ಮಾಸ್ಕ್, ಮೂಗಿಗೆ ಟವೆಲ್ ಇವು ಯಾವುದಕ್ಕೂ ಬಾರವು. ಆಮ್ಲದ ಆವಿ ತಡೆಯುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಇಲ್ಲದವರು ಈ ದಾರಿಗೆ ಹೋಗಕೂಡದು. ಎಂಟು ಹತ್ತು ಪೆಟ್ಟಿಗೆಗೆ ಇದರ ಖರ್ಚೂ ಗಿಟ್ಟುವುದಿಲ್ಲ.

ಗ್ಲಿಸರಿನ್‌ನಲ್ಲಿ ಆಮ್ಲ ಕರಗಿಸಿ ರಟ್ಟಿನಂಥ ಪಟ್ಟಿಗೆ ಹೀರಿಸಿ ಎರಿಗಳ ನಡುವೆ ತೂಗುಹಾಕುವುದು ಈಚಿನ ದಾರಿ. ಅರ್ಜೆಂಟೀನಾದಲ್ಲಿ ಬೆಳೆದದ್ದು, ಕ್ಯಾಲಿಫೋರ್ನಿಯಾದ ರ‍್ಯಾಂಡಿ ಆಲಿವರ್ ವರ್ಷಗಟ್ಟಲೆ ಪರೀಕ್ಷಿಸಿದ್ದು. ಆರೆಂಟು ವಾರ ಸ್ವಲ್ಪ ಸ್ವಲ್ಪವಾಗಿ ಆಮ್ಲ ಬಿಡುವುದರಿಂದ ಕಣದಿಂದ ಹೊರಬರುವ ನುಸಿ ಒಂದೊಂದಾಗಿ ಸಿಕ್ಕಿಬೀಳುತ್ತದೆ. ಮರಿ ಎಂದೂ ನಿಲ್ಲದ ನಮ್ಮಂಥ ಊರಿಗೆ ಮುಂದೆ ಹೊಂದುವುದಿದ್ದರೆ ಇದೇ ಹೊಂದೀತು ಎಂದು ನನ್ನ ಅಂದಾಜು. ಮನೆಯಲ್ಲಿ ಬೇಯಿಸಿ ತಯಾರಿಸುವ ಪ್ರಯೋಗ ಮಾತ್ರ ಈಗಲೇ ಬೇಡ.

ಫಾರ್ಮಿಕ್ ಆಮ್ಲ ಮುಚ್ಚಳದೊಳಕ್ಕೂ ಇಳಿಯುತ್ತದೆ ನಿಜ. ಆದರೆ ಬಿಸಿಲು 30 ಡಿಗ್ರಿ ದಾಟಿದರೆ ರಾಣಿಗೆ ಅಪಾಯ. ಹರಿಹರ, ದಾವಣಗೆರೆಯ ಏಪ್ರಿಲ್‌ನಲ್ಲಿ ಅದನ್ನು ಮುಟ್ಟದಿರುವುದೇ ಲೇಸು.

ಮೆಲ್ಲಿಫೆರಾಕ್ಕೆ ಇನ್ನೊಂದು ನುಸಿಯೂ ಬರುತ್ತದೆ, ಟ್ರೋಪಿಲೀಲಾಪ್ಸ್. ಹೆಜ್ಜೇನಿನಿಂದ ದಾಟಿದ್ದು. ವರೋವಾಕ್ಕಿಂತ ಸಣ್ಣದು, ಉದ್ದುದ್ದ, ಎರಿಯ ಮೇಲೆ ಸರಸರನೆ ಓಡುತ್ತದೆ. ಮರಿಯ ಮೈಯನ್ನು ಬಿಟ್ಟು ಅದು ಹೆಚ್ಚು ದಿನ ಬದುಕಲಾರದು. ಆದ್ದರಿಂದ 24 ದಿನದ ಪಂಜರವೇ ಅದಕ್ಕೆ ಅರ್ಧ ಮದ್ದು.

ಆಮ್ಲ ಬಿಟ್ಟ ಮೇಲೆ

ಬಿಳಿ ರಟ್ಟಿಗೆ ವ್ಯಾಸಲೀನ್ ಸವರಿ, ಮೇಲೆ ಜಾಲರಿ ಇಟ್ಟು ಅಡಿಮಣೆಯ ಮೇಲೆ ಸರಿಸಿದರೆ ಮುಂದಿನ ಮೂರ್ನಾಲ್ಕು ದಿನ ಉದುರುವ ನುಸಿ ಅಂಟಿಕೊಳ್ಳುತ್ತದೆ. ಅಂಟು ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಇರುವೆಗಳು ಹೊತ್ತೊಯ್ದು ನಿಮ್ಮ ಎಣಿಕೆ ಸುಳ್ಳಾಗುತ್ತದೆ. ಪೆಟ್ಟಿಗೆಯ ಕಾಲಿನ ಬಟ್ಟಲುಗಳಲ್ಲಿ ನೀರಿದೆಯೇ ನೋಡಿ. ಉದುರಿದ ಸಂಖ್ಯೆಗಿಂತ ಉಳಿದದ್ದು ಮುಖ್ಯ. ಹತ್ತು ಹನ್ನೆರಡು ದಿನಕ್ಕೆ ಮತ್ತೆ ಸಕ್ಕರೆ ಪುಡಿಯ ಎಣಿಕೆ ಮಾಡಿ.

ಒಂದೇ ತೋಟದ ಪೆಟ್ಟಿಗೆಗಳಿಗೆಲ್ಲ ಒಂದೇ ವಾರದಲ್ಲಿ ಮುಗಿಸುವುದು ಒಳ್ಳೆಯದು, ಪಕ್ಕದ ತೋಟದವರೂ ಒಪ್ಪಿದರೆ ಇನ್ನೂ ಒಳ್ಳೆಯದು. ನುಸಿ ತಾನಾಗಿ ಹಾರುವುದಿಲ್ಲ, ನೊಣವೇ ವಾಹನ. ಸಾಯುತ್ತಿರುವ ಕುಟುಂಬದ ತುಪ್ಪ ದೋಚಲು ಬಲವಾದ ಕುಟುಂಬದ ನೊಣಗಳು ನುಗ್ಗುತ್ತವೆ, ನುಸಿಯನ್ನೂ ಹೊತ್ತು ತರುತ್ತವೆ. ಕುಕ್ಕುವಾಡದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ಅರೆಯುವ ಕಾಲಕ್ಕೆ ಸಿಹಿ ಸೋರಿದ ಕಡೆ ನಾಲ್ಕೂರಿನ ಜೇನು ಸೇರುವುದು ಸಹಜ. ಹೂವಿನ ಕಾಲಕ್ಕೆ ಲಾರಿಯಲ್ಲಿ ಬಂದಿಳಿಯುವ ನೂರಾರು ಪೆಟ್ಟಿಗೆಗಳು ಬೇರೆ. ಅವು ಹೋದ ತಿಂಗಳು ಎಣಿಕೆ ತಪ್ಪಿಸಬೇಡಿ.

ಮಿಕ್ಕ ಪಾನಕವನ್ನು ನಾಲೆಗೋ ದನದ ತೊಟ್ಟಿಯ ಹತ್ತಿರವೋ ಚೆಲ್ಲಬಾರದು. ಒಂದು ಹಿಡಿ ಸುಣ್ಣ ಕದಡಿದ ನೀರಿಗೆ ಅದನ್ನು ನಿಧಾನಕ್ಕೆ ಸುರಿದರೆ ಆಮ್ಲ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ. ದೂರದಲ್ಲಿ ಗುಂಡಿ ತೆಗೆದು ಮುಚ್ಚಿ. ಸಿರಿಂಜ್, ಕೈಗವಸುಗಳನ್ನು ಅಡುಗೆ ಸೋಡಾದ ನೀರಲ್ಲಿ ತೊಳೆದು, ಆಮ್ಲದ ಡಬ್ಬಿಯ ಜತೆಗೆ ಬೀಗ ಹಾಕಿಡಿ. ತಾರೀಕು, ಎಷ್ಟು ಸಂದಿ, ಎಷ್ಟು ಮಿಲಿಲೀಟರ್, ಮುಂಚೆ ಮತ್ತು ಆಮೇಲಿನ ನುಸಿಯ ಎಣಿಕೆ, ಇಷ್ಟನ್ನು ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿಯಾದರೆ ಮಳೆಗಾಲದ ತೇವಕ್ಕೆ ಹರಡುತ್ತದೆ.